ಖಾದರ್ ಸಾಬ್ರ ಅಂಗಡಿಯ ಖಾನೆಗಳು

ನಮ್ಮ ಆಫೀಸಿನಲ್ಲಿ ಈಗ ನನ್ನ ಕುರ್ಚಿಯಲ್ಲಿ ಕೂರುವ ಹುಡುಗಿ ಕಾವ್ಯ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು. “ಮೇಡಂ, ನಿಮ್ ಕಾಲದಲ್ಲಿ ಬಾರ್‌ಕೋಡ್ ಇರ್ಲಿಲ್ವಂತೆ. ಮತ್ತೆ ಅಂಗಡಿಲಿ ಯಾವ್ ಐಟಂ ಎಲ್ಲಿದೆ ಅಂತ ಹೆಂಗೆ ಗೊತ್ತಾಗ್ತಿತ್ತು?” ಅಂದಳು.

“ಬಾಯಿ ಇತ್ತಲ್ಲಮ್ಮ, ಕೇಳ್ತಿದ್ವಿ” ಅಂದೆ.

ತಮಾಷೆ ಅಂದುಕೊಂಡು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಬಾಯಿ ಇದ್ದವರನ್ನು ಕೇಳಿ ಬರೆದುಕೊಳ್ಳುವುದು ಏನು ಮಹಾ? ಬಾಯಿ ಹೋದವರ ಅಂಗಡಿಯ ಲೆಕ್ಕವನ್ನೂ ನಾವು ಕಂಪ್ಯೂಟರಿಗೆ ಏರಿಸಿದ್ದೆವು. ಅದನ್ನು ಆ ಹುಡುಗಿಗೆ ಹೇಳಬೇಕಿತ್ತು. ಅಷ್ಟರಲ್ಲಿ ಬಾಗೇಪಲ್ಲಿ ಬಸ್ ಬಂತು, ಓಡಿಹೋದಳು. ಅದಕ್ಕೇ ಬರೆಯುತ್ತಿದ್ದೇನೆ. ಅವಳಂಥವರು ಓದಿಕೊಳ್ಳಲಿ.

ನನ್ನ ಹೆಸರು ಸುನಂದ, ಊರು ಚಿಂತಾಮಣಿ. ಬಿ.ಕಾಂ. ಮುಗಿಸಿ, ಮದುವೆಯಾಗಿ, ಮಗಳು ಹೈಸ್ಕೂಲು ಮೆಟ್ಟಿಲು ಹತ್ತಿದ ಮೇಲೆ ಕೆಲಸಕ್ಕೆ ಸೇರಿದವಳು ನಾನು. ಚಿಕ್ಕಬಳ್ಳಾಪುರದಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ನಾಗರಾಜ ಸಾರ್ ಅವರ ಆಫೀಸು. ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಡುವುದು, ಇರುವ ಸರಕನ್ನೆಲ್ಲ ಎಣಿಸಿ ಅದರೊಳಗೆ ತುಂಬುವುದು, ಅಂಗಡಿಯವರಿಗೆ ಅದನ್ನು ನಡೆಸಲು ಕಲಿಸುವುದು ನಮ್ಮ ಕೆಲಸ. ವ್ಯಾಟ್ ತೆರಿಗೆ ಬಂದ ಹೊಸದು. ಅಲ್ಲಿಯವರೆಗೆ ಕಂಪ್ಯೂಟರ್ ಅಂದರೆ ಮೂಗು ಮುರಿಯುತ್ತಿದ್ದ ಅಂಗಡಿಯವರೆಲ್ಲ ಒಮ್ಮೆಲೇ ನಮ್ಮ ಮಹಡಿ ಹತ್ತತೊಡಗಿದರು. ಸಾರ್‌ಗೆ ಖುಷಿಯೋ ಖುಷಿ. ಊರೂರು ತಿರುಗಿ ಕಾಲು ನೋಯಿಸಿಕೊಂಡವಳು ಮಾತ್ರ ನಾನು. ಬೆಳಿಗ್ಗೆ ಮಂಚೇನಹಳ್ಳಿ ಮೇಲೆ ಗೌರಿಬಿದನೂರು, ಮಾರನೇ ದಿನ ಶಿಡ್ಲಘಟ್ಟ, ಅದರ ಮಾರನೇ ದಿನ ನಮ್ಮೂರೇ ಚಿಂತಾಮಣಿ. ನಮ್ಮೂರಲ್ಲಿ ಕೆಲಸ ಬಿದ್ದ ದಿನ ಮಧ್ಯಾಹ್ನ ಮನೆಗೆ ಹೋಗಿ ಬಿಸಿ ಮುದ್ದೆ ಉಣ್ಣುತ್ತಿದ್ದೆ. ಆ ಸುಖ ಎಷ್ಟೆಂದು ಹೇಳಲಿ!

ಕಂಪ್ಯೂಟರ್ ಕಂಡರೆ ಆಗ ಜನರಿಗೆ ಭಕ್ತಿ. ಹೂವು ಏರಿಸಿ, ಮಾನಿಟರ್ ಹಣೆಗೆ ಅರಿಶಿನ ಕುಂಕುಮ ಇಟ್ಟು, ಕೀಬೋರ್ಡಿನ ಮೇಲೆ ಅಕ್ಷತೆ ಹಾಕುತ್ತಿದ್ದರು. ಆಮೇಲೆ ಕೀಲಿ ಒತ್ತಿದರೆ ಕೆಳಗೆ ಅಕ್ಕಿಕಾಳು ಸಿಕ್ಕಿಕೊಂಡಿರುತ್ತಿತ್ತು. ಮುರುಗಮಲ್ಲದ ದಾರಿಯಲ್ಲಿ ಒಬ್ಬ ಅಂಗಡಿಯವರು ಲೆಕ್ಕ ತುಂಬಿದ ಫ್ಲಾಪಿಯನ್ನು ದೇವರ ಗೂಡಿನಲ್ಲಿ ದೀಪದ ಪಕ್ಕಕ್ಕೇ ಇಟ್ಟು, ಅದು ಸೊಟ್ಟಗಾದ ಮೇಲೆ “ಏನ್ರಮ್ಮ, ನಿಮ್ಮ ಲೆಕ್ಕ ಬಾಗಿಹೋಯ್ತು” ಎಂದು ನನಗೇ ದಬಾಯಿಸಿದ್ದರು. ಕರೆಂಟು ಯಾವಾಗ ಹೋಗುತ್ತದೋ ಹೇಳುವಂತಿರಲಿಲ್ಲ. ಅರ್ಧ ಎಂಟ್ರಿ ಆದ ಹೊತ್ತಿಗೆ ಫಕ್ಕನೆ ಕತ್ತಲು, ನನ್ನ ಬಾಯಿಂದ ಬರಬಾರದ ಮಾತು. ಹಾಗೆ ಬೈದುಕೊಂಡೇ ನಾನು ಆ ಸಾಫ್ಟ್‌ವೇರನ್ನು ಚೆನ್ನಾಗಿ ಕಲಿತೆ.

ಗೌರಿಬಿದನೂರಿನ ಕೊಸರಿನ ಗಲಾಟೆಯನ್ನು ಮೊದಲು ಹೇಳಿಬಿಡುತ್ತೇನೆ. ಈ ಕೆಲಸ ಎಂಥದ್ದು ಎಂದು ನನಗೆ ಸ್ವಲ್ಪ ತಿಳಿದದ್ದು ಅಲ್ಲಿಯೇ. ಶೆಟ್ಟರೊಬ್ಬರ ದಿನಸಿ ಅಂಗಡಿ. ಮನೆ ಮಾತು ತೆಲುಗು, ಗಿರಾಕಿಯ ಹತ್ತಿರ ಕನ್ನಡ, ಸಿಟ್ಟು ಬಂದರೆ ಮತ್ತೆ ತೆಲುಗು. ನಾವು ಎಲ್ಲವನ್ನೂ ತೂಗಿ ಕಂಪ್ಯೂಟರಿಗೆ ಹಾಕಿದ್ದೆವು. ತಿಂಗಳು ಕಳೆದು ತೂಗಿ ನೋಡಿದರೆ ಬೆಲ್ಲ ಕಡಿಮೆ, ಹುಣಸೆಹಣ್ಣು ಕಡಿಮೆ, ಕಡಲೆಬೀಜವಂತೂ ಬಹಳ ಕಡಿಮೆ. ಶೆಟ್ಟರು ತಕ್ಕಡಿ ಹಿಡಿಯುವ ನಂಜಪ್ಪನ ಕಡೆ ಕಣ್ಣು ಕೆಂಪಗೆ ಮಾಡಿದರು. ತಲೆ ನರೆತ ಆ ಮನುಷ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, “ನಿಮ್ ಅಂಗಡಿ ಸವಾಸ ಸಾಕು, ನಾನು ಬರ್ತೀನಿ” ಎಂದು ಹೊರಟೇಬಿಟ್ಟ. ನಾನು ಕೈಕಾಲು ಹಿಡಿಯುವುದೊಂದು ಬಾಕಿ, ಹಾಗೆ ಬೇಡಿಕೊಂಡು ಕೂರಿಸಿದೆ. ಆಮೇಲೆ ಸ್ಟೂಲು ಹಾಕಿಕೊಂಡು ಇಡೀ ದಿನ ತಕ್ಕಡಿಯ ಪಕ್ಕದಲ್ಲಿ ಕುಳಿತೆ.

ನಂಜಪ್ಪ ತೂಗುತ್ತಿದ್ದ. ಮುಳ್ಳು ಸಮನಾಗಿ ನಿಲ್ಲುತ್ತಿತ್ತು. ಪೊಟ್ಟಣ ಕಟ್ಟುವ ಮೊದಲು ಗಲ್ಲಾಪೆಟ್ಟಿಗೆಯ ಮೇಲಿಂದ ಶೆಟ್ಟರ ಕೈ ಬರುತ್ತಿತ್ತು. ಒಂದು ಹಿಡಿ ಬೀಜ, ಒಂದು ಚೂರು ಬೆಲ್ಲ, ಕಂಕುಳಲ್ಲಿ ಮಗು ಇದ್ದರೆ ಮಗುವಿನ ಕೈಗೂ ಒಂದು ಚೂರು. ಗಿರಾಕಿ ಕೇಳುವ ಮೊದಲೇ ಕೊಸರು ಬಿದ್ದಾಗಿರುತ್ತಿತ್ತು.

“ಶೆಟ್ಟರೇ, ಕಡಿಮೆ ಬೀಳ್ತಿರೋದು ಇದೇ ನೋಡಿ” ಅಂದೆ.

ಅವರಿಗೆ ರೇಗಿತು. “ಏಮ್ಮಾ, ಮೀ ಕಂಪ್ಯೂಟರ್ ನನ್ನು ದೊಂಗ ಅಂಟುಂದಾ?” ಎಂದು ಕೂಗಿದರು. ನಿಮ್ಮ ಕಂಪ್ಯೂಟರು ನನ್ನನ್ನೇ ಕಳ್ಳ ಅನ್ನುತ್ತದಾ ಎಂದು.

“ಕಳ್ಳ ಅನ್ನಲ್ಲ ಶೆಟ್ಟರೇ. ಕೊಟ್ಟಿದ್ದನ್ನ ಬರೀರಿ ಅನ್ನತ್ತೆ ಅಷ್ಟೇ.”

“ಕೊಸರನ್ನ ಯಾರಾದ್ರೂ ಬರೀತಾರೇನಮ್ಮ? ಬರೆದ್ಮೇಲೆ ಅದು ಕೊಸರಾ?”

ನಂಜಪ್ಪ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಕೊನೆಗೆ ತಿಂಗಳಿಗೊಮ್ಮೆ ಸರಕು ತೂಗಿ, ಕಡಿಮೆ ಬಿದ್ದದ್ದನ್ನು ಒಟ್ಟಿಗೆ “ಕೊಸರು” ಎಂಬ ಹೆಸರಿನಲ್ಲಿ ಕಳೆಯುವ ಹಾಗೆ ಮಾಡಿಕೊಟ್ಟೆ. ವರ್ಷದ ಕೊನೆಗೆ ಬೆಂಗಳೂರಿನ ಆಡಿಟರು ಫೋನ್ ಮಾಡಿ, “ಏನಿದು, ವೇಸ್ಟೇಜಾ?” ಎಂದು ಕೇಳಿದರು. “ಅಲ್ಲ ಸಾರ್, ಕೊಸರು” ಅಂದೆ. “ಓ, ಕೊಸರಾ! ನಮ್ಮಜ್ಜಿ ಹೇಳ್ತಿದ್ರು” ಎಂದು ನಕ್ಕು ಫೋನಿಟ್ಟರು.

ಶಿಡ್ಲಘಟ್ಟದ ಮೆಹರ್ ಆಪಾ, ಅಂದರೆ ಮೆಹರ್ ಅಕ್ಕ, ನಮ್ಮ ಆಫೀಸಿನ ಮೆಟ್ಟಿಲು ಹತ್ತಿದ್ದು ಇದಾದ ಮಾರನೇ ವರ್ಷ. ಎತ್ತರದ ಹೆಂಗಸು, ಬುರ್ಖಾದ ಮುಖಪರದೆ ಹಿಂದಕ್ಕೆ ಹಾಕಿಕೊಂಡು ನೆಟ್ಟಗೆ ಸಾರ್ ಮೇಜಿನ ಮುಂದೆ ಬಂದು ನಿಂತರು.

“ನಮ್ಮೋರಿಗೆ ಲಕ್ವ ಹೊಡೆದಿದೆ. ಬಲಗೈ ಹೋಯ್ತು, ಮಾತೂ ಹೋಯ್ತು. ಅಂಗಡಿಲಿ ಏನು ಎಲ್ಲಿದೆ ಅಂತ ಅವರೊಬ್ಬರಿಗೇ ಗೊತ್ತು. ನಿಮ್ಮ ಕಂಪ್ಯೂಟರ್‌ಗೆ ಅದು ಗೊತ್ತಾಗೋ ಹಂಗೆ ಮಾಡಿಕೊಡಿ.”

ಅವರ ಗಂಡ ಖಾದರ್ ಸಾಬ್ರು. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ರೀಲರ್‌ಗಳ ಮಷೀನುಗಳಿಗೆ ಬಿಡಿಭಾಗ ಮಾರುವ ಅಂಗಡಿ ಅವರದು. ಗೂಡಿನ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲೇ ಇತ್ತು. ಮಳಿಗೆ ಮಾತ್ರ ಅವರ ಅಣ್ಣ ರಹಮತ್ ಸಾಬ್ರ ಹೆಸರಿನಲ್ಲಿ. ಯಾವುದೋ ಮದುವೆಯ ಮಾತಿನಲ್ಲಿ ಮನಸ್ತಾಪವಾಗಿ ಅಣ್ಣ ತಮ್ಮ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ತಮ್ಮ ಹಾಸಿಗೆ ಹಿಡಿದ ಮೇಲೆ ಅಣ್ಣ ಆಸ್ಪತ್ರೆಗೂ ಬಂದಿರಲಿಲ್ಲ. ಒಬ್ಬರ ಕೈಲಿ ಹೇಳಿಕಳಿಸಿದ್ದರು ಅಷ್ಟೇ: ಮಳಿಗೆ ಕೇಳಿಕೊಂಡು ಮೊಬೈಲ್ ಅಂಗಡಿಯವರು ಬಂದಿದ್ದಾರೆ, ರಂಜಾನ್ ಹಬ್ಬದವರೆಗೆ ನೋಡುತ್ತೇನೆ, ಬಂದ ಗಿರಾಕಿ ಬರಿಗೈಲಿ ಹೋಗುವ ಹಾಗಿದ್ದರೆ ಆ ಅಂಗಡಿ ಇಟ್ಟುಕೊಂಡು ಏನು ಪ್ರಯೋಜನ, ಬಾಗಿಲು ಹಾಕಿ.

“ಅಂಗಡಿ ಹೋದ್ರೆ ಇವರೂ ಉಳಿಯಲ್ಲ ಸುನಂದಮ್ಮ” ಎಂದು ಮೆಟ್ಟಿಲಿಳಿಯುವಾಗ ಆಪಾ ನನ್ನೊಬ್ಬಳಿಗೇ ಹೇಳಿದರು. “ಬೆಳಿಗ್ಗೆ ಎದ್ದು, ಅಂಗಡಿಗೆ ಕರ್ಕೊಂಡು ಹೋಗು ಅಂತ ಎಡಗೈಲಿ ಬಾಗಿಲು ತೋರಿಸ್ತಾರೆ. ಅದೊಂದೇ ಅವರು ಕೇಳೋದು.”

ಅಂಗಡಿ ನೋಡಿ ನಾನು ತಲೆಗೆ ಕೈ ಹೊತ್ತೆ. ಎರಡು ಗೋಡೆಯ ತುಂಬ, ಬೇರು ನಾರು ಮಾರುವ ಗ್ರಂಥಿಗೆ ಅಂಗಡಿಯಲ್ಲಿರುತ್ತವಲ್ಲ ಹಾಗೆ, ಸಣ್ಣ ಸಣ್ಣ ಮರದ ಖಾನೆಗಳು. ಮೇಲೆ ಚೀಟಿ ಇಲ್ಲ, ನಂಬರ್ ಇಲ್ಲ. ಎಳೆಯಲು ಒಂದಕ್ಕೆ ತಂತಿ, ಇನ್ನೊಂದಕ್ಕೆ ದಾರ, ಮತ್ತೊಂದಕ್ಕೆ ಹಳೆ ಗುಂಡಿ. ಒಳಗೆಲ್ಲ ಹೆಚ್ಚುಕಡಿಮೆ ಒಂದೇ ಥರದ ಹಿತ್ತಾಳೆ ಬುಷ್. ಮಷೀನಿನ ಕಡ್ಡಿ ತಿರುಗುವ ಜಾಗಕ್ಕೆ ಹಾಕುವ ಬಳೆಯಂಥ ವಸ್ತು ಅದು. ಒಂದೇ ಥರದ್ದನ್ನು ಇಷ್ಟೊಂದು ಖಾನೆಗಳಲ್ಲಿ ಯಾಕೆ ಹಂಚಿಟ್ಟಿದ್ದಾರೆ ಎಂದು ಅರ್ಥವಾಗಲಿಲ್ಲ. ಖಾದರ್ ಸಾಬ್ರು ಮೂಲೆಯ ಕುರ್ಚಿಯಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದರು. ಕಣ್ಣು ಮಾತ್ರ ಬಲು ಚುರುಕು. “ಇದೇನು ಸಾಬ್ರೇ?” ಎಂದು ಒಂದು ಬುಷ್ ಎತ್ತಿ ತೋರಿಸಿದರೆ ಗಂಟಲಲ್ಲಿ ಏನೋ ಸದ್ದು ಮಾಡಿ, ಬಾಗಿಲಾಚೆ ಬೀದಿಯ ಕಡೆ ಕೈ ಮಾಡುತ್ತಿದ್ದರು. ಹೊರಗೆ ಹೋಗು ಅನ್ನುತ್ತಿದ್ದಾರೆ ಎಂದುಕೊಂಡು ನನಗೂ ಮುನಿಸು ಬಂತು.

ಮಾರನೇ ದಿನ ನಾನು ಗೌರಿಬಿದನೂರಿಗೆ ಹೋಗಲೇಬೇಕಿತ್ತು. ನನ್ನ ಬದಲು ನಾಗರಾಜ ಸಾರ್ ಸ್ವತಃ ಶಿಡ್ಲಘಟ್ಟಕ್ಕೆ ದಯಮಾಡಿಸಿದರು. ಸಾರ್ ಒಳ್ಳೆಯ ಮನುಷ್ಯ. ತೋಳು ಮಡಚಿ ಕೆಲಸಕ್ಕೆ ನಿಂತರೆ ಮಾತ್ರ ಸುತ್ತಮುತ್ತಲಿನವರಿಗೆ ಅಪಾಯ. ನಾನು ತಿರುಗಿ ಬಂದು ನೋಡುತ್ತೇನೆ, ಎಡಗಡೆಯ ಗೋಡೆಯ ಅಷ್ಟೂ ಖಾನೆ ಖಾಲಿ! ಬುಷ್‌ಗಳನ್ನೆಲ್ಲ ಸುರಿದು, ಅಳತೆ ನೋಡಿ ಚಿಕ್ಕದು, ಮಧ್ಯಮ, ದೊಡ್ಡದು ಎಂದು ಮೂರು ಪ್ಲಾಸ್ಟಿಕ್ ಡಬ್ಬಗಳಿಗೆ ತುಂಬಿ, ಮೇಲೆ ಚೀಟಿ ಅಂಟಿಸಿ, ಕಂಪ್ಯೂಟರಿನಲ್ಲಿ ಮೂರೇ ಮೂರು ಐಟಂ ಮಾಡಿಟ್ಟಿದ್ದರು. “ನೋಡಮ್ಮ, ಸ್ಟಾಕ್ ಅಂದ್ರೆ ಹಿಂಗಿರ್ಬೇಕು” ಎಂದು ಮೀಸೆ ತಿರುವಿದರು. ಖಾದರ್ ಸಾಬ್ರು ಎಡಗೈಯನ್ನು ಹಣೆಗೆ ಒತ್ತಿಕೊಂಡು ಕುಳಿತಿದ್ದರು. ಕಣ್ಣಲ್ಲಿ ನೀರು.

ಅಷ್ಟು ಹೊತ್ತಿಗೆ ಮುನಿರೆಡ್ಡಿ ಎಂಬ ರೀಲರ್ ಓಡಿಬಂದ. ದಪ್ಪ ಮೀಸೆಯ ಆಸಾಮಿ. “ಖಾದರ್ ಭಾಯ್, ಬುಷ್ ಹೋಯ್ತು. ಗೂಡು ಬೆಂದು ನೀರಲ್ಲಿ ಕೂತೈತೆ, ಬೇಗ ಕೊಡಿ!” ಅಂದ. ಖಾದರ್ ಸಾಬ್ರು ತಟ್ಟನೆ ಎಡಗೈ ಎತ್ತಿ ಒಂದು ಖಾನೆಯ ಕಡೆ ತೋರಿಸಿದರು. ಖಾನೆ ಖಾಲಿ. ಸಾರ್ ಮಧ್ಯಮ ಡಬ್ಬದಿಂದ ಒಂದು ಕೊಟ್ಟರು. ಓಡಿಹೋದ ಮುನಿರೆಡ್ಡಿ ಓಡಿಯೇ ಬಂದ, ಬಿಗಿಯಾಯಿತು. ಇನ್ನೊಂದು ಕೊಟ್ಟರೆ ಗಡಗಡ ಅಲ್ಲಾಡಿತು. ಮೂರನೆಯದೂ ಆಗಲಿಲ್ಲ. “ಏನ್ ಸಾಮಿ, ಆಟ ಆಡ್ತೀರಾ? ಬೆಂದ ಗೂಡು ಕಾಯ್ತದಾ?” ಎಂದು ಎಗರಾಡಿ ಬರಿಗೈಲಿ ಹೋದ. ಸಂಜೆಯೊಳಗೆ ಸುದ್ದಿ ರಹಮತ್ ಸಾಬ್ರಿಗೆ ಮುಟ್ಟಿತೆಂದು ಬೇರೆ ಹೇಳಬೇಕಿಲ್ಲ.

ನನಗೆ ಸಾರ್ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಆ ಎಡಗೈ ಕಣ್ಣಿಗೆ ಕಟ್ಟಿತ್ತು. ನಾನು ಬುಷ್ ತೋರಿಸಿ ಕೇಳಿದಾಗ ಬೀದಿ ತೋರಿಸಿದ ಮನುಷ್ಯ, ಮುನಿರೆಡ್ಡಿ ಮುಖ ಕಂಡ ಕೂಡಲೇ ಖಾನೆ ತೋರಿಸಿದ್ದ.

“ಆಪಾ, ಈ ಖಾನೆಗಳು ಸಾಮಾನಿನ ಲೆಕ್ಕಕ್ಕೆ ಮಾಡಿದ್ದಲ್ಲ ಕಣ್ರೀ, ಜನರ ಲೆಕ್ಕಕ್ಕೆ ಮಾಡಿದ್ದು. ಒಬ್ಬೊಬ್ಬರಿಗೆ ಒಂದೊಂದು!” ಅಂದೆ.

ಆಪಾ ಕಣ್ಣರಳಿಸಿದರು. “ಹೌ! ಹಿಂದುಗಡೆ ಲೇತ್ ಮಷೀನ್ ಹತ್ರ ಕೂತು ಬುಷ್ ಉಜ್ಜುವಾಗ ಯಾರ್ಯಾರದೋ ಹೆಸರು ಹೇಳ್ತಿರ್ತಿದ್ರು. ಇದು ರೆಡ್ಡಿಗೆ, ಇದು ಬಾಷಾಗೆ ಅಂತ. ನಾನು ಸುಮ್ನೆ ಗೊಣಗ್ತಾರೆ ಅಂದ್ಕೊಂಡಿದ್ದೆ.”

ವಿಷಯ ಇಷ್ಟು. ಶಿಡ್ಲಘಟ್ಟದ ಆ ಹಳೆಯ ಮಷೀನುಗಳೆಲ್ಲ ಅಲ್ಲಲ್ಲಿಯ ವೆಲ್ಡಿಂಗ್ ಅಂಗಡಿಗಳಲ್ಲಿ ಮಾಡಿಸಿದವು. ಒಂದರ ಹಾಗೆ ಇನ್ನೊಂದಿಲ್ಲ. ಓಡಿ ಓಡಿ ಒಂದೊಂದರ ಕಡ್ಡಿ ಒಂದೊಂದು ಥರ ಸವೆದಿರುತ್ತಿತ್ತು. ಕಂಪನಿಯ ಬುಷ್ ತಂದು ಹಾಗೇ ಹಾಕಿದರೆ ಕೂರುವುದಿಲ್ಲ. ಗೂಡು ಬೆಂದ ಮೇಲೆ ಮಷೀನು ನಿಂತರೆ ಉಜ್ಜುತ್ತಾ ಕೂರಲು ಸಮಯವೂ ಇಲ್ಲ. ಆದ್ದರಿಂದ ಖಾದರ್ ಸಾಬ್ರು ಪ್ರತಿ ಮಷೀನಿನ ಅಳತೆಗೆ ಬುಷ್ ಮೊದಲೇ ಉಜ್ಜಿ, ಅವರವರ ಖಾನೆಯಲ್ಲಿ ಸಿದ್ಧ ಇಡುತ್ತಿದ್ದರು. ನಾವು ಅದನ್ನು ಚಿಕ್ಕದು, ಮಧ್ಯಮ, ದೊಡ್ಡದು ಮಾಡಿ ಕೂರಿಸಿದ್ದೆವು!

ಸುರಿದದ್ದನ್ನು ಮತ್ತೆ ಬಿಡಿಸುವ ಕೆಲಸ ಸಾಬ್ರದೇ ಆಯಿತು. ಡಬ್ಬ ಮುಂದಿಟ್ಟರೆ ಎಡಗೈ ಬೆರಳಿಗೆ ಬುಷ್ ತೊಡಿಸಿ, ತಿರುಗಿಸಿ, ಯೋಚಿಸಿ, ಖಾನೆ ತೋರಿಸುವರು. ಆಪಾ ಹಾಕುವರು. ಎಲ್ಲವೂ ಸರಿಯಾಯಿತೆಂದು ತಿಳಿಯಬೇಡಿ. ಬಾಷಾನದು ನಂಜುಂಡಪ್ಪ ಎಂಬ ಇನ್ನೊಬ್ಬ ರೀಲರಿಗೆ ಹೋಗಿ, ಇಬ್ಬರೂ ಬಂದು ಬೈದರು. ಆದರೆ ಕೆಲಸ ಸಾಗಿದಂತೆ ಸಾಬ್ರ ಮುಖಕ್ಕೆ ಬಣ್ಣ ಬಂತು. ಮನೆಯಲ್ಲಿ ಊಟ ಬೇಡ ಎನ್ನುತ್ತಿದ್ದವರು ಅಂಗಡಿಯಲ್ಲಿ ಬನ್ನು ಕೇಳಿ ತಿಂದರು.

ಯಾವ ಖಾನೆ ಯಾರದು ಎಂದು ತಿಳಿಯುವುದು ಹೇಗೆ? ದಾರಿ ಕಂಡುಹಿಡಿದದ್ದು ಮೆಹರ್ ಆಪಾ. ಬೆಳಿಗ್ಗೆ ರೀಲರ್‌ಗಳೆಲ್ಲ ಗೂಡು ಕೊಳ್ಳಲು ಮಾರ್ಕೆಟ್ಟಿಗೆ ಹೋಗುವುದು ಅದೇ ದಾರಿಯಲ್ಲಿ. ಆಪಾ ಗಂಡನ ಕುರ್ಚಿಯನ್ನು ಅಂಗಡಿಯ ಬಾಗಿಲಿಗೆ ತಂದು, ಬೀದಿಯೂ ಕಾಣಬೇಕು, ಗೋಡೆಗಳೂ ಕಾಣಬೇಕು, ಹಾಗೆ ಹಾಕಿದರು. ನಾನು ಒಳಗೆ ಕಂಪ್ಯೂಟರ್ ಮುಂದೆ ಕುಳಿತೆ.

ಅಬ್ಬಾ, ಆ ಬೆಳಗುಗಳು! ಸೈಕಲ್ಲಿನವರು, ಟಿ.ವಿ.ಎಸ್. ಗಾಡಿಯವರು, ನಡೆದು ಬರುವವರು. “ಸಲಾಂ ಖಾದರ್ ಭಾಯ್!” “ಏನ್ ಸಾಬ್ರೇ, ಹೆಂಗಿದ್ದೀರಾ?” ನಮಸ್ಕಾರ ಬೀಳುವುದೇ ತಡ, ಎಡಗೈ ಮೇಲೇಳುವುದು, ಬೆರಳು ಒಂದು ಖಾನೆಗೆ ತಿರುಗುವುದು. ಆಪಾ ಆ ಖಾನೆಯ ಮೇಲೆ ಕೈಯಿಟ್ಟು, “ಇದಾ? ಪಕ್ಕದ್ದಾ?” ಎಂದು ಕೇಳುವರು. ಸಾಬ್ರು ಹೌದೆಂದು ತಲೆ ಆಡಿಸಿದರೆ ನಾನು ದಾರಿಯವರ ಹೆಸರು ಕೇಳಿ ಕಂಪ್ಯೂಟರಿಗೆ ಹೊಡೆಯುವೆ. ಆ ಸಾಫ್ಟ್‌ವೇರಿನಲ್ಲಿ ಒಂದು ಐಟಂಗೆ ಇನ್ನೊಂದು ಹೆಸರು ಕೊಡಲು ಜಾಗವಿತ್ತು. ಅಲ್ಲಿಯವರೆಗೆ ಅದನ್ನು ಯಾರೂ ಬಳಸಿದ್ದು ನಾನು ಕಂಡಿರಲಿಲ್ಲ. ಐಟಂ: ಬುಷ್. ಇನ್ನೊಂದು ಹೆಸರು (ಇಂಗ್ಲಿಷ್ ಅಕ್ಷರದಲ್ಲಿ): ಮೀಸೆ ಮುನಿರೆಡ್ಡಿ. ಜಾಗ: ಎಡಗೋಡೆ, ಇಂಥ ಸಾಲು. ಮುನಿರೆಡ್ಡಿಗಳು ಬಹಳ ಇದ್ದರು. ಮೀಸೆ ಮುನಿರೆಡ್ಡಿ, ಬರೀ ಮುನಿರೆಡ್ಡಿ, ಸ್ಕೂಲ್ ಪಕ್ಕದ ಮುನಿರೆಡ್ಡಿ.

ದಿನ ಕಳೆದಂತೆ ರೀಲರ್‌ಗಳಿಗೂ ಇದು ಮೋಜಾಯಿತು. ಒಬ್ಬರಿಗೆ ಖಾನೆ ಸಿಕ್ಕರೆ ಪಕ್ಕದವರು, “ಭಾಯ್, ನಂದೆಲ್ಲಿ? ನಂದು ಮರೆತ್ರಾ?” ಎಂದು ಕುತ್ತಿಗೆ ಚಾಚುತ್ತಿದ್ದರು. ಸಾಬ್ರು ಸೊಟ್ಟ ಬಾಯಲ್ಲೇ ನಗುತ್ತಿದ್ದರು.

ಕಂಪ್ಯೂಟರಿನಿಂದ ಬಯಲಾದ ಒಂದು ಸಂಗತಿಯನ್ನೂ ಹೇಳಬೇಕು. ಪಟ್ಟಿಯಲ್ಲಿ ಹೆಸರಿಲ್ಲದೆ ಉಳಿದ ಎಷ್ಟೋ ಖಾನೆಗಳು ಮಷೀನು ಮಾರಿದವರವು, ತೀರಿಕೊಂಡವರವು. ಸಾಬ್ರು ಹಾಗೇ ದುಡ್ಡು ಹೂತುಹಾಕಿ ಕುಳಿತಿದ್ದರು. “ಇವನ್ನೆಲ್ಲ ತೂಕಕ್ಕೆ ಹಾಕಣ ಆಪಾ” ಅಂದೆ. ಸಾಬ್ರು ಬೇಡವೇ ಬೇಡ ಎಂದು ತಲೆ ಆಡಿಸಿದರು. ಆಪಾ ಗಂಡನಿಗೇ ರೇಗಿ, “ಸತ್ತೋರು ಬುಷ್ ಕೇಳ್ಕೊಂಡು ಬರ್ತಾರಾ?” ಎಂದು ಬುಟ್ಟಿ ತುಂಬ ಹಿತ್ತಾಳೆ ಮಾರಿ, ಬೇಕಾದವರಿಗೆ ಹೊಸದು ಮಾಡಿಸಿದರು. ಖಾನೆಯಲ್ಲಿ ಒಂದೇ ಉಳಿದರೆ ಅದನ್ನೇ ಮಾದರಿ ಕೊಟ್ಟು ಪಕ್ಕದ ಬೀದಿಯ ಲೇತ್‌ನವರಿಂದ ಇನ್ನೊಂದು ಮಾಡಿಸಿ ತರುವುದು, ಆಮೇಲೆ ಮಾರುವುದು. ಒಂದಕ್ಕಿಳಿದ ಕೂಡಲೇ ಕಂಪ್ಯೂಟರು ತೋರಿಸುವ ಹಾಗೆ ಮಾಡಿಕೊಟ್ಟೆ. ಈ ಪದ್ಧತಿ ಆಪಾ ಅವರದೇ.

ಕೊನೆಗೆ ಬಲಗೋಡೆಯ ಮೇಲಿನ ಮೂಲೆಯಲ್ಲಿ ಒಂದೇ ಒಂದು ಖಾನೆ ಉಳಿಯಿತು. ಎಳೆಯಲು ಕೆಂಪು ದಾರ ಕಟ್ಟಿತ್ತು. ಒಳಗೆ ಕಾಗದದಲ್ಲಿ ಸುತ್ತಿದ ಒಂದು ಬುಷ್. ಯಾರು ನಮಸ್ಕಾರ ಹೇಳಿದರೂ ಬೆರಳು ಆ ಕಡೆ ಹೋಗಲಿಲ್ಲ. “ಇದು ಯಾರದು ಸಾಬ್ರೇ?” ಎಂದು ಕೇಳಿದರೆ ಕಣ್ಣು ಮುಚ್ಚಿಕೊಳ್ಳುವರು. ಅದನ್ನೂ ತೂಕಕ್ಕೆ ಹಾಕಲು ಆಪಾ ಕೈಚಾಚಿದರೆ ಕುರ್ಚಿಯ ಕೈ ಬಡಿದು ಗಲಾಟೆ ಮಾಡಿದರು. ಬೇರೆ ದಾರಿ ಕಾಣದೆ ನಾನು “ಯಾರದೋ” ಎಂದು ಹೆಸರು ಕೊಟ್ಟೆ. ಸ್ಟಾಕ್ ಒಂದು. ರಿಪೋರ್ಟ್ ನೋಡಿದ ಸಾರ್, “ಮೀಸೆ ಮುನಿರೆಡ್ಡಿ ತನಕ ಸಹಿಸ್ಕೊಂಡೆ ಕಣಮ್ಮ. ಯಾರದೋ ಅಂದ್ರೆ ಎಂಥಾ ಐಟಮ್ಮು?” ಎಂದು ತಲೆ ಚಚ್ಚಿಕೊಂಡರು.

ಹಬ್ಬ ಕಳೆಯಿತು. ಅಂಗಡಿ ತೆರೆದ ಮೊದಲ ದಿನವೇ ರಹಮತ್ ಸಾಬ್ರು ಬಂದರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಜುಬ್ಬ. ತಮ್ಮನ ಕಡೆ ತಿರುಗಿಯೂ ನೋಡದೆ ಸ್ಟೂಲಿನ ಮೇಲೆ ಕುಳಿತರು. ನಾನು ಆಪಾ ಕೊಟ್ಟ ಹಬ್ಬದ ಶಾವಿಗೆ ಪಾಯಸ, ಶೀರ್ ಖುರ್ಮಾದ ಲೋಟವನ್ನು ಕೆಳಗಿಟ್ಟು ಕಂಪ್ಯೂಟರಿನ ಪಕ್ಕಕ್ಕೆ ಹೋಗಿ ನಿಂತೆ.

ಗಿರಾಕಿಗಳು ಒಬ್ಬರ ಹಿಂದೆ ಒಬ್ಬರು ಬಂದರು. ಆಪಾ ಹೆಸರು ಹೊಡೆಯುವುದು, ಪರದೆ ನೋಡುವುದು, ಖಾನೆ ಎಳೆಯುವುದು. ಮೀಸೆ ಮುನಿರೆಡ್ಡಿಯೂ ಬಂದು ತನ್ನದನ್ನು ಪಡೆದು, “ಈಗ ಸರೋಯ್ತು ನೋಡು” ಎಂದು ರಹಮತ್ ಸಾಬ್ರಿಗೆ ಕೇಳುವಂತೆ ಹೇಳಿ ಹೋದ. ರಹಮತ್ ಸಾಬ್ರು ಗಡ್ಡ ನೀವಿಕೊಂಡರು.

“ಇವರೆಲ್ಲ ನೀವು ಹೇಳಿ ಕರೆಸ್ಕೊಂಡಿರೋ ಗಿರಾಕಿಗಳು” ಅಂದರು. “ನಾನೂ ಗಿರಾಕಿನೇ. ನನ್ನ ಹೆಸರು ಹೊಡೀಮ್ಮ, ನೋಡಣ.”

ಆಪಾ ಹೊಡೆದರು. ಪರದೆಯ ಮೇಲೆ ಏನೂ ಬರಲಿಲ್ಲ. ಅಕ್ಷರ ತಪ್ಪಿರಬೇಕೆಂದು ಮತ್ತೊಮ್ಮೆ ಹೊಡೆದರು. ಇಲ್ಲ. ಆ ಹೆಸರು ನಾವು ಹಾಕಿಯೇ ಇರಲಿಲ್ಲ. ತಮ್ಮನ ಅಂಗಡಿಗೆ ಕಾಲಿಡದ ಅಣ್ಣನ ಹೆಸರು ಎಲ್ಲಿಂದ ಬರಬೇಕು? ಬಂದ ಗಿರಾಕಿ ಬರಿಗೈಲಿ ಹೋಗಬಾರದು ಎಂದವರೇ ಗಿರಾಕಿಯಾಗಿ ಕುಳಿತಿದ್ದರು. ಅಂಗಡಿ ಹೋಯಿತು ಎಂದುಕೊಂಡೆ.

ಅಷ್ಟರಲ್ಲಿ ಆಪಾ ನನ್ನ ಭುಜ ತಟ್ಟಿದರು. ತಿರುಗಿ ನೋಡಿದೆ. ಖಾದರ್ ಸಾಬ್ರ ಎಡಗೈ ಮೇಲೆದ್ದಿತ್ತು. ಬೆರಳು ಬಲಗೋಡೆಯ ಮೇಲಿನ ಮೂಲೆಗೆ, ಕೆಂಪು ದಾರದ ಖಾನೆಗೆ ತಿರುಗಿತ್ತು.

ಆಪಾ ಇನ್ನೊಂದು ಸ್ಟೂಲು ಹತ್ತಿ ಖಾನೆಯನ್ನೇ ಎಳೆದು ತಂದು ಬಾವನ ಮುಂದಿಟ್ಟರು. ರಹಮತ್ ಸಾಬ್ರು ಕಾಗದ ಬಿಡಿಸಿದರು. ಉರ್ದು ಪೇಪರು, ಅದೇ ವರ್ಷದ್ದು. ಬುಷ್ಷಿನ ಮೇಲೆ ಎಣ್ಣೆ ಇನ್ನೂ ಹಸಿಯಾಗಿತ್ತು. ಬೆರಳಿಗೆ ತೊಡಿಸಿಕೊಂಡು ತಿರುಗಿಸಿದರು.

“ಇದು ನಮ್ಮ ಅಬ್ಬಾನ ಮಷೀನಿಂದು” ಎಂದು ನನ್ನ ಕಡೆ ತಿರುಗಿ ಹೇಳಿದರು. ನನಗೂ ಅವರಿಗೂ ಪರಿಚಯವೇ ಇರಲಿಲ್ಲ. ಯಾರಿಗಾದರೂ ಹೇಳಬೇಕಿತ್ತು, ಹೇಳಿದರು. “ನಾನು, ಇವನು ಇಬ್ಬರೂ ಅದರಲ್ಲೇ ಕೆಲಸ ಕಲಿತಿದ್ದು. ನನ್ನ ಪಾಲಿಗೆ ಬಂದಿತ್ತು. ಮಾರಿಬಿಟ್ಟೆ.”

ಆಮೇಲೆ ತಮ್ಮನ ಕಡೆ ನೋಡಿದರು. “ಮಾರಿಬಿಟ್ಟೆ ಅಂತ ನಿನಗೆ ಗೊತ್ತಿರ್ಲಿಲ್ವಾ? ಊರಿಗೆಲ್ಲ ಗೊತ್ತಿತ್ತಲ್ಲೋ!”

ಖಾದರ್ ಸಾಬ್ರು ಗೊತ್ತಿತ್ತು ಎಂದು ತಲೆ ಆಡಿಸಿದರು. ಗೊತ್ತಿದ್ದೂ ವರ್ಷ ವರ್ಷ ಎಣ್ಣೆ ಸವರಿ, ಹೊಸ ಕಾಗದ ಸುತ್ತಿ ಇಟ್ಟಿದ್ದರು. ರಹಮತ್ ಸಾಬ್ರು ಎದ್ದು ಹೋಗಿ ತಮ್ಮನ ಸತ್ತ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತರು. ಅಷ್ಟು ದೊಡ್ಡ ಮನುಷ್ಯರು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ.

ಹೊರಡುವಾಗ ಬುಷ್ಷನ್ನು ಮತ್ತೆ ಕಾಗದದಲ್ಲಿ ಸುತ್ತಿ ಆಪಾ ಕೈಗೆ ಕೊಟ್ಟರು. “ಇದು ಅಲ್ಲೇ ಇರ್ಲಿ. ಯಾರಿಗೂ ಕೊಡ್ಬೇಡ. ಆ ಮೊಬೈಲ್‌ನೋರಿಗೆ ಬೇರೆ ಕಡೆ ನೋಡ್ಕೊಳ್ಳಿ ಅಂತ ಹೇಳಿಬಿಡ್ತೀನಿ” ಅಂದರು. ನಾನು ಕಣ್ಣೊರೆಸಿಕೊಂಡು ಕಂಪ್ಯೂಟರ್ ಮುಂದೆ ಕುಳಿತು “ಯಾರದೋ” ಎಂಬುದನ್ನು ಅಳಿಸಿ, “ರಹಮತ್ ಭಾಯ್” ಎಂದು ಬರೆದೆ.

ಆಮೇಲೆ ನಾನು ಯಾವ ಯಾವ ಊರಿನಲ್ಲಿ ಎಷ್ಟು ಅಂಗಡಿ ಏರಿದೆನೋ, ಇಳಿದೆನೋ. ಫ್ಲಾಪಿ ಹೋಗಿ ಪೆನ್‌ಡ್ರೈವ್ ಬಂತು, ವ್ಯಾಟ್ ಹೋಗಿ ಜಿ.ಎಸ್.ಟಿ. ಬಂತು. ಶಿಡ್ಲಘಟ್ಟಕ್ಕೆ ಆಟೋಮ್ಯಾಟಿಕ್ ಮಷೀನುಗಳು ಬಂದು ಹಳೆಯ ಮಷೀನುಗಳು ಗುಜರಿಗೆ ಹೋದವು. ಖಾದರ್ ಸಾಬ್ರು ತೀರಿಕೊಂಡರು. ಅವರ ಹಿಂದೆಯೇ ಅಣ್ಣನೂ ಹೋದರು. ಹೋಗುವವರೆಗೂ ಸಂಜೆಯ ಹೊತ್ತು ಇಬ್ಬರ ಕುರ್ಚಿಯೂ ಅಂಗಡಿಯ ಬಾಗಿಲಲ್ಲಿ ಒಟ್ಟಿಗೇ ಇರುತ್ತಿದ್ದವು. ಈಗ ಆ ಹೊಸ ಮಷೀನುಗಳ ಬಿಡಿಭಾಗ ಮಾರಿ ಅಂಗಡಿ ನಡೆಸುವವಳು ಖಾದರ್ ಸಾಬ್ರ ಮಗಳು ಶಾಹೀನ್.

ಹೋದ ತಿಂಗಳು ಶಾಹೀನ್ ಫೋನ್ ಮಾಡಿದಳು. “ಆಂಟಿ, ಹೊಸ ಸಾಫ್ಟ್‌ವೇರ್‌ಗೆ ಹೋಗ್ತಾ ಇದ್ದೀವಿ. ಹಳೇ ಐಟಂ ಎಲ್ಲ ಕ್ಲೀನ್ ಮಾಡ್ತಿದ್ದೀನಿ. ಇಲ್ಲೊಂದಿದೆ, ರಹಮತ್ ಭಾಯ್ ಅಂತ, ದೊಡ್ಡಪ್ಪನ ಹೆಸರಲ್ಲಿ. ಶುರುವಿಂದ ಇವತ್ತಿನ ತನಕ ಸೇಲೇ ಇಲ್ಲ. ತೆಗೆದುಬಿಡ್ಲಾ?”

“ಖಾನೆ ನೋಡ್ದ್ಯಾ?” ಎಂದು ಕೇಳಿದೆ.

“ನೋಡ್ದೆ ಆಂಟಿ. ಇದೆ. ಅಮ್ಮಿ ಹಬ್ಬ ಹಬ್ಬಕ್ಕೂ ಎಣ್ಣೆ ಸವರಿ ಪೇಪರ್ ಬದಲಾಯಿಸ್ತಾರೆ. ಯಾಕೆ ಅಂದ್ರೆ ಸುಮ್ನಿರು ಅಂತಾರೆ.”

“ತೆಗೀಬೇಡ ಕಣಮ್ಮ. ಕಂಪ್ಯೂಟರಲ್ಲೂ ಒಂದಿದೆ, ಖಾನೇಲೂ ಒಂದಿದೆ. ಸ್ಟಾಕ್ ಸರಿಯಾಗೇ ಇದೆ. ಹೊಸದರಲ್ಲೂ ಒಂದು ಅಂತಲೇ ಹಾಕು” ಅಂದೆ.